ಷೇರಿನ ಒಗಟು: ಲಾಭ 100 ಅಲ್ಲ, 200 ರೂಪಾಯಿ

ಮೈಸೂರಿನ ಸ್ಪರ್ಧಾತ್ಮಕ ಪರೀಕ್ಷಾರ್ಥಿಗಳ ನಡುವೆ ಒಂದು ಒಗಟು ತಪ್ಪು ಉತ್ತರದೊಂದಿಗೆ ಹರಿದಾಡುತ್ತಿದೆ: ಒಬ್ಬರು ಒಂದು ಷೇರನ್ನು 600 ರೂಪಾಯಿಗೆ ಕೊಂಡು 700ಕ್ಕೆ ಮಾರುತ್ತಾರೆ, ಅದನ್ನೇ ಮತ್ತೆ 800ಕ್ಕೆ ಕೊಂಡು 900ಕ್ಕೆ ಮಾರುತ್ತಾರೆ, ಒಟ್ಟು ಲಾಭವೆಷ್ಟು? 700ಕ್ಕೆ ಮಾರಿದ್ದನ್ನು 800ಕ್ಕೆ ಕೊಂಡಾಗ 100 ರೂಪಾಯಿ ನಷ್ಟವಾಯಿತು, ಆದ್ದರಿಂದ ಲಾಭ 100 ಮಾತ್ರ ಎಂಬ ವಾದ ಸರಿಯಲ್ಲ.

ಕೈಯಲ್ಲಿ ಮೊದಲಿಗೆ 1,000 ರೂಪಾಯಿ ಇತ್ತೆಂದುಕೊಂಡರೆ, ಷೇರು ಕೊಂಡಾಗ 400 ಉಳಿಯುತ್ತದೆ, ಮಾರಿದಾಗ 1,100 ಆಗುತ್ತದೆ, ಮತ್ತೆ ಕೊಂಡಾಗ 300ಕ್ಕೆ ಇಳಿದು, ಕೊನೆಗೆ 1,200ಕ್ಕೆ ನಿಲ್ಲುತ್ತದೆ. ಲಾಭ 200.

ಹಾಗಾದರೆ ಆ 100 ರೂಪಾಯಿ ಏನು ಎಂಬುದನ್ನು ಬಿಡಿಸಿ ನೋಡಲೇಬೇಕು, ಏಕೆಂದರೆ ಗೊಂದಲದ ಬೇರು ಅಲ್ಲೇ ಇದೆ. ಷೇರನ್ನು ನಡುವೆ ಮಾರದೆ ಇಟ್ಟುಕೊಂಡಿದ್ದರೆ 600ರಿಂದ 900ರವರೆಗಿನ 300 ಪೂರ್ತಿ ಅವರದಾಗುತ್ತಿತ್ತು. ಬೆಲೆ 700ರಿಂದ 800ಕ್ಕೆ ಏರುವಾಗ ಷೇರು ಅವರ ಬಳಿ ಇರಲಿಲ್ಲವಾದ್ದರಿಂದ 100 ಕೈತಪ್ಪಿತು. ಆ ಮೊತ್ತವನ್ನು 300ರಿಂದ ಕಳೆಯಬೇಕೇ ಹೊರತು, ಅದನ್ನು ಹೊರಗಿಟ್ಟೇ ಬಂದಿರುವ 200ರಿಂದ ಕಳೆದರೆ ಒಂದೇ ಹಣವನ್ನು ಎರಡು ಸಲ ಕಳೆದಂತಾಗುತ್ತದೆ.

ನಿಜವಾದ ವಹಿವಾಟಿನಲ್ಲಿ ದಲ್ಲಾಳಿ ಶುಲ್ಕವೂ ಷೇರು ವಹಿವಾಟು ತೆರಿಗೆಯೂ ಕಡಿತವಾಗುತ್ತವೆ. ಪ್ರಶ್ನೆಯಲ್ಲಿ ಹೇಳದ ಹೊರತು ಪರೀಕ್ಷಾರ್ಥಿಗಳು ಅವನ್ನು ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ.