ಚಪ್ಪರ ಕೇಳುವ ಬಳ್ಳಿ

ಬಳ್ಳಿ ಎಂದರೆ ಗೋಡೆ ಹತ್ತುವುದು, ಇಲ್ಲವೇ ಬೇಲಿಗೆ ಹಬ್ಬುವುದು ಅಂತ ನಮ್ಮ ಲೆಕ್ಕ. ಮೈಸೂರು ಕ್ಲಾಕ್ ವೈನ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ಗೋಡೆಗೆ ತಂತಿ ಕಟ್ಟಿ ಬಿಟ್ಟರೆ ಹಬ್ಬುತ್ತದೆ, ಹೂವೂ ಬಿಡುತ್ತದೆ. ಆದರೆ ಅದರ ಗೊಂಚಲು ಕೆಳಗೆ ಜೋತುಬೀಳುವ ಜಾತಿಯದು. ಒಂದು ಅಡಿ, ಒಂದೂವರೆ ಅಡಿ ಇಳಿಯುತ್ತದೆ. ಗೋಡೆಗೆ ಒತ್ತಿಕೊಂಡರೆ ಅರ್ಧ ಅಂದ ಅಲ್ಲೇ ಹೋಯಿತು. ಅದಕ್ಕೆ ಚಪ್ಪರವೇ ಆಗಬೇಕು. ಅದೂ ಆಳೆತ್ತರಕ್ಕಿಂತ ಎರಡು ಮೂರು ಅಡಿ ಮೇಲೆ. ಇಲ್ಲದಿದ್ದರೆ ಉದ್ದ ಇರುವ ನೆಂಟರ ತಲೆಗೂದಲಿಗೆ ಮಕರಂದ ಅಂಟಿಕೊಳ್ಳುತ್ತದೆ. ಸುಮ್ನೆ ಹೇಳುತ್ತಿಲ್ಲ. ಈ ಹೂವಿನಲ್ಲಿ ಮಕರಂದ ಎಷ್ಟು ಜಾಸ್ತಿ ಅಂದರೆ, ಒಮ್ಮೊಮ್ಮೆ ತೊಟ್ಟಿಕ್ಕುತ್ತದೆ.

ಹೂವಿನ ಒಳಗೆಲ್ಲ ಹಳದಿ, ಅಂಚಿಗೆ ಕಂದುಗೆಂಪು. ಪಕ್ಕದವರ ಮನೆ ಸುದ್ದಿ ಹೇಳಲು ಬಾಯಿ ತೆರೆದವರ ಹಾಗೆ ಅಗಲವಾಗಿ ತೆರೆದುಕೊಂಡಿರುತ್ತದೆ. ಪರಿಮಳ ಇಲ್ಲ. ಮುಡಿಯಲು ಬರುವುದಿಲ್ಲ, ಮಾಲೆಗೂ ಆಗುವುದಿಲ್ಲ. ಕೊರತೆ ಅನ್ನಿಸಬಹುದು. ನನಗಂತೂ ಇದೇ ಅದರ ದೊಡ್ಡ ಗುಣ. ಬೆಳಗಿನ ವಾಕಿಂಗ್‌ಗೆ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಹಿಡಿದು ಬರುವ ಭಕ್ತರಿದ್ದಾರಲ್ಲ, ಅವರು ಕಾಂಪೌಂಡಿನಾಚೆ ಬಾಗಿದ ದಾಸವಾಳವನ್ನು ಒಂದೂ ಉಳಿಸದೆ ಬಿಡಿಸಿಕೊಂಡು, ಇದರ ಕಡೆ ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ದೇವರಿಗೆ ಬೇಡದ ಹೂವು ಗಿಡದಲ್ಲೇ ಉಳಿಯುತ್ತದೆ.

ಪರಿಮಳ ಯಾಕಿಲ್ಲ ಅಂದರೆ, ಇದು ಹಕ್ಕಿಗಳಿಗಾಗಿ ಅರಳುವ ಹೂವು. ಹಕ್ಕಿಗೆ ಬಣ್ಣ ಕಂಡರೆ ಸಾಕು. ಸೂರಕ್ಕಿ ಬಂದು ಗೊಂಚಲಿನ ದಂಟನ್ನೇ ಹಿಡಿದು ಕೂರುತ್ತದೆ, ಬೇಕಾದರೆ ತಲೆಕೆಳಗಾಗಿ ನೇತಾಡುತ್ತದೆ, ಕೊಕ್ಕನ್ನು ಹೂವಿನೊಳಗೆ ತೂರಿಸುತ್ತದೆ. ಕುಡಿಯುವ ಹೊತ್ತಿಗೆ ಮೇಲ್ಗಡೆ ಇರುವ ಕೇಸರಗಳು ಅದರ ತಲೆಗೆ ಪರಾಗ ಬಳಿದಿರುತ್ತವೆ. ಆ ತಲೆಯನ್ನು ಹೊತ್ತುಕೊಂಡೇ ಅದು ಮುಂದಿನ ಹೂವಿಗೆ ಹೋಗುತ್ತದೆ. ಕಾಫಿ ಲೋಟ ಹಿಡಿದು ಚಪ್ಪರದ ಕೆಳಗೆ ಕೂತರೆ ಈ ವ್ಯಾಪಾರ ನೋಡುತ್ತಾ ಕಾಫಿ ತಣ್ಣಗಾಗುತ್ತದೆ.

ಇನ್ನು, ಇದು ನಿತ್ಯಹಸಿರು ಬಳ್ಳಿ. ಹಾಗಂದ ಕೂಡಲೇ ಗುಡಿಸುವ ಕೆಲಸ ತಪ್ಪಿತು ಅಂದುಕೊಳ್ಳುವವರಿದ್ದಾರೆ. ಎಲ್ಲಿ ತಪ್ಪುತ್ತದೆ! ಬೇರೆ ಕೆಲವು ಗಿಡಮರಗಳು ವರ್ಷಕ್ಕೊಮ್ಮೆ ಎಲೆಯನ್ನೆಲ್ಲ ಉದುರಿಸಿ ಸುಮ್ಮನಾಗುತ್ತವೆ. ಇದು ಕಂತಿನಲ್ಲಿ ಉದುರಿಸುತ್ತದೆ. ಹಳೆಯದು ಬೀಳುವಷ್ಟರಲ್ಲಿ ಹೊಸದು ಬಂದಿರುತ್ತದೆ. ಮೇಲೆ ನೋಡಿದರೆ ಯಾವಾಗಲೂ ಹಸಿರು, ಕೆಳಗೆ ನೋಡಿದರೆ ಯಾವಾಗಲೂ ಕಸ. ಅದರ ಜೊತೆಗೆ ಬಾಡಿದ ಹೂವು.

ನಮ್ಮ ಬೀದಿಗಳಲ್ಲಿ ಮೆರೆಯುವ ಬಳ್ಳಿಗಳೆಲ್ಲ ಹೆಚ್ಚುಪಾಲು ಹೊರಗಿನಿಂದ ಬಂದವು. ಬೋಗನ್‌ವಿಲ್ಲಾ, ಅಲಮಾಂಡ ಎರಡೂ ದಕ್ಷಿಣ ಅಮೆರಿಕದವು. ಹಾಗಂತ ಅವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಈ ಕ್ಲಾಕ್ ವೈನ್ ಪಶ್ಚಿಮ ಘಟ್ಟದ ಮಗಳು. ಸಸ್ಯಶಾಸ್ತ್ರದವರು ಥನ್ಬರ್ಜಿಯಾ ಮೈಸೂರೆನ್ಸಿಸ್ ಎನ್ನುತ್ತಾರೆ. ಅರ್ಧ ಹೆಸರು 1743ರಲ್ಲಿ ಹುಟ್ಟಿದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಥನ್‌ಬರ್ಗ್‌ಗೆ ಸೇರಿದ್ದು, ಉಳಿದರ್ಧ ನಮ್ಮ ಮೈಸೂರಿಗೆ. ಇಂಗ್ಲೆಂಡಿನಲ್ಲಿ ಇದನ್ನು ಗಾಜಿನ ಮನೆಯೊಳಗೆ ಬೆಚ್ಚಗೆ ಸಾಕುತ್ತಾರೆ. ಅಲ್ಲಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಪ್ರಶಸ್ತಿಯೂ ಇದಕ್ಕಿದೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ಫಾರಿನ್ ಗಿಡ ಅಂದುಕೊಂಡಿದ್ದಾರೆ. ಅಂದ ಇದ್ದರೆ ಹೊರಗಿನದೇ ಇರಬೇಕು, ಅಲ್ವಾ?

ಆದರೆ ನಮ್ಮದೇ ಗಿಡ, ನೀರು ಹಾಕದಿದ್ದರೂ ಬೆಳೆಯುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಳ್ಳಿಗೆ ಜಿಲ್ಲೆಯ ಗಡಿ, ರಾಜ್ಯದ ಗಡಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮಳೆ ಮತ್ತು ತೇವ. ಘಟ್ಟದ ಕಾಡಿನಲ್ಲಿ ಬೇರಿಗೆ ತರಗೆಲೆಯ ಹೊದಿಕೆ, ತಲೆಗೆ ಬಿಸಿಲು. ಬಯಲುಸೀಮೆಯ ಅಂಗಳದಲ್ಲಿ ಅದೂ ಒಂಥರಾ ವಲಸೆ ಬಂದದ್ದೇ. ಬುಡಕ್ಕೆ ಗೊಬ್ಬರ ಕೊಟ್ಟು, ಒಣ ಎಲೆ ಮುಚ್ಚಿ, ಬೇಸಿಗೆಯಲ್ಲಿ ನೀರು ತಪ್ಪಿಸದೆ ನೋಡಿಕೊಳ್ಳಬೇಕು. ಗುಡಿಸಿದ ಕಸ ಅಲ್ಲಿಗೇ ಸಾಕಾಗುತ್ತದೆ. ಹಿಟ್ಟುತಿಗಣೆ ಬಂದರೆ ಜೋರಾಗಿ ನೀರು ಹಾಯಿಸಿ ತೊಳೆಯಬೇಕು.

ಹೂವಿನ ಭರಾಟೆ ಮುಗಿದ ಮೇಲೆ ಕತ್ತರಿ ಆಡಿಸಲೇಬೇಕು. ಇಲ್ಲದಿದ್ದರೆ ಚಪ್ಪರದ ಮೇಲೆ ಕಡ್ಡಿಯ ಮೇಲೆ ಕಡ್ಡಿ ಸುತ್ತಿಕೊಂಡು ಭಾರವಾಗುತ್ತದೆ. ಕತ್ತರಿಸಿದ್ದರಲ್ಲಿ ಎರಡು ಮೂರು ಗಿಣ್ಣು ಇರುವ ತುಂಡು ಆರಿಸಿ ನೆರಳಲ್ಲಿ ನೆಟ್ಟರೆ ಬೇರು ಬಿಡುತ್ತದೆ. ಈ ವಿಷಯ ಹೇಗೋ ಎಲ್ಲರಿಗೂ ಗೊತ್ತಾಗಿರುತ್ತದೆ. ಕತ್ತರಿ ಸದ್ದು ಕೇಳಿದ ಕೂಡಲೇ, "ನಮಗೂ ಒಂದು ಕಡ್ಡಿ ಕೊಡಿ" ಅಂತ ಗೇಟಿನ ಹತ್ತಿರ ಯಾರಾದರೂ ಬರುತ್ತಾರೆ. ಕೊಡುತ್ತೇನೆ. ಚಪ್ಪರ ಎಲ್ಲಿ ಹಾಕಿಸುತ್ತೀರಿ ಅಂತ ಮೊದಲು ಕೇಳುತ್ತೇನೆ, ಅಷ್ಟೇ.