ಇಂಪ್ರೊವೈಸೇಶನ್‌ಗೂ ಕಟ್ಟುಪಾಡು ಬೇಕು

"ತಾಲೀಮಿನಲ್ಲಿ ನಟರನ್ನು ಸುಮ್ಮನೆ ಬಿಟ್ಟುಬಿಡಿ, ಪಾತ್ರ ತಾನಾಗಿ ಅರಳುತ್ತದೆ" ಎಂದು ಇಂಪ್ರೊವೈಸೇಶನ್ (ಬರೆದ ಮಾತಿಲ್ಲದೆ ಅಲ್ಲೇ ಹೊಳೆದಂತೆ ಅಭಿನಯಿಸುವುದು) ಕುರಿತ ಲೇಖನವೊಂದು ಹೇಳುತ್ತದೆ. ಈ ಮಾತನ್ನು ಒಪ್ಪಲಾರೆ. ಹಾಗೆ ಬಿಟ್ಟರೆ ಎರಡೇ ನಿಮಿಷಕ್ಕೆ ನಟ ನಗೆ ಗಿಟ್ಟಿಸಲು ಹೊರಡುತ್ತಾನೆ, ಇಲ್ಲವೇ ದೃಶ್ಯ ಬರೀ ಜಗಳವಾಗುತ್ತದೆ. ಪಾತ್ರಕ್ಕೆ ಏನು ಬೇಕೆಂಬುದೇ ಅವನಿಗೆ ಗೊತ್ತಿರುವುದಿಲ್ಲ.

ದಾವಣಗೆರೆಯ ಮುಚ್ಚಿದ ಹತ್ತಿ ಮಿಲ್ಲಿನ ಕಾರ್ಮಿಕನ ಪಾತ್ರ ಅಂತಿಟ್ಟುಕೊಳ್ಳಿ. ಜಾಗ ಮಂಡಕ್ಕಿ-ಮಿರ್ಚಿ ಅಂಗಡಿ. ಇವನಿಗೆ ಸಾಲ ಬೇಕು, ಅಂಗಡಿಯವನಿಗೆ ಹಳೇ ಬಾಕಿ ಬೇಕು. ಒಬ್ಬನ ಗುರಿ ಇನ್ನೊಬ್ಬನಿಗೆ ತಿಳಿಯದಂತೆ ಬೇರೆ ಬೇರೆ ಹೇಳಿ. 7-8 ನಿಮಿಷ ಸಾಕು; ಅದರಲ್ಲಿ ಮೊದಲ 2 ನಿಮಿಷ ಮಾತೇ ಇಲ್ಲ. ಮೈಭಾರ ಯಾವ ಕಾಲಿನ ಮೇಲಿದೆ, ಮಿರ್ಚಿ ಕಟ್ಟಿದ ಕಾಗದವನ್ನು ಬೆರಳು ಏನು ಮಾಡುತ್ತಿದೆ, ಉಸಿರು ಎಲ್ಲಿ ಕಟ್ಟುತ್ತದೆ ಎಲ್ಲ ಆಗಲೇ ಕಾಣುವುದು. "ಸಿಟ್ಟಾಗು" ಅನ್ನಬೇಡಿ, "ಅವನು ಲೆಕ್ಕದ ಪುಸ್ತಕ ತೆಗೆಯದಂತೆ ತಡಿ" ಅನ್ನಿ. ಸಿಟ್ಟು ತಾನೇ ಬರುತ್ತದೆ.

ಹೊರಗೆ ಕೂತು ಬರೆದುಕೊಳ್ಳುವ ಒಬ್ಬರು ಬೇಕೇ ಬೇಕು, ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ. ನಟನಿಗೆ ತಾನು ಮಾಡಿದ್ದು ನೆನಪಿರುವುದಿಲ್ಲ. ಒಂದು ಸುತ್ತಿನಿಂದ ಒಂದೋ ಎರಡೋ ಸಂಗತಿ ಮಾತ್ರ ಉಳಿಸಿ, ಮರುದಿನ ನಾಟಕದ ಮಾತಿನ ಜೊತೆ ಮೂರು ಸಲ ಮಾಡಿಸಿ. ಮಾತಿಗೆ ಅಡ್ಡ ಬಂದರೆ ಎಷ್ಟೇ ಚೆಂದವಿದ್ದರೂ ಕೈಬಿಡಿ.

ಸಾಣೇಹಳ್ಳಿಯ ಶಿವಸಂಚಾರದಂತೆ ಊರೂರು ತಿರುಗುವ ನಾಟಕ ತಂಡಕ್ಕಂತೂ ಹೀಗೆ ಗುರಿ ಹಿಡಿದು ತಾಲೀಮು ಮಾಡುವುದು ತುಂಬಾ ಮುಖ್ಯ. ರಂಗದ ಅಳತೆ ಊರಿಗೊಂದು. ಹೆಜ್ಜೆ ಎಣಿಸಿ ಕಲಿತ ನಟ ಅಲ್ಲಿ ತಬ್ಬಿಬ್ಬಾಗುತ್ತಾನೆ, ಗುರಿ ಗೊತ್ತಿರುವವನು ಹೊಂದಿಕೊಳ್ಳುತ್ತಾನೆ.

ಇನ್ನು, ಲೇಖನ ಕೊಡುವ ವೃತ್ತಿ ನಾಟಕ ಕಂಪನಿಯ ಹಾಸ್ಯನಟರ ಉದಾಹರಣೆ ಇಲ್ಲಿ ಹೊಂದುವುದಿಲ್ಲ. ಅವರ ಪಾತ್ರ ಮೊದಲೇ ಗಟ್ಟಿಯಾಗಿರುತ್ತದೆ, ಪ್ರೇಕ್ಷಕರ ನಾಡಿ ಹಿಡಿದು ಮಾತು ಬೆಳೆಸುತ್ತಾರೆ. ತಾಲೀಮಿನಲ್ಲಿ ನಟ ನೋಡಬೇಕಾದದ್ದು ಎದುರಿಗಿರುವ ನಟನನ್ನು.