ಸವೆದ ಹೆಬ್ಬೆಟ್ಟಿಗೆ ಗೊಬ್ಬರ ಇಲ್ಲ

ನಮ್ಮ ರಾಜ್ಯದಲ್ಲಿ ಏಳುನೂರಕ್ಕೂ ಹೆಚ್ಚು ಹೋಬಳಿಗಳಿವೆ. ಯಾವ ಹೋಬಳಿ ಊರಿಗೆ ಹೋದರೂ ನೋಟ ಹೆಚ್ಚುಕಮ್ಮಿ ಒಂದೇ. ಬಸ್ ಸ್ಟ್ಯಾಂಡು, ನಾಡಕಚೇರಿ, ರೈತ ಸಂಪರ್ಕ ಕೇಂದ್ರ, ಸೊಸೈಟಿ, ಒಂದು ಬ್ಯಾಂಕು, ಎರಡು ಗೊಬ್ಬರದಂಗಡಿ, ನಾಲ್ಕು ಜೆರಾಕ್ಸ್ ಅಂಗಡಿ. ಸುತ್ತಲಿನ ಹಳ್ಳಿಗಳ ರೈತರ ಸೇವೆಗೆ ಅಂತಲೇ ಇರುವ ಊರು. ಆ ಸೇವೆಯಿಂದ ಯಾರು ಉದ್ಧಾರವಾದರು ಅಂತ ತಿಳಿಯಬೇಕಾದರೆ ತಲೆ ಎತ್ತಿ ನೋಡಿ. ಜೆರಾಕ್ಸ್ ಅಂಗಡಿಯವರು ಎರಡನೇ ಮಹಡಿ ಕಟ್ಟಿಸುತ್ತಿದ್ದಾರೆ.

ಪಹಣಿ ಕಂಪ್ಯೂಟರಿಗೆ ಹೋಗಿ ಕಾಲು ಶತಮಾನವೇ ಆಯಿತು. 2000ದ ಸುಮಾರಿಗೆ ‘ಭೂಮಿ’ ಬಂದಾಗ ಬೇರೆ ರಾಜ್ಯದವರೂ ನಮ್ಮ ಕಡೆ ತಿರುಗಿ ನೋಡಿದ್ದರು. ಅದು ಹೆಮ್ಮೆಯ ವಿಷಯವೇ, ತಮಾಷೆ ಶುರುವಾಗುವುದು ಆಮೇಲೆ. ಸರ್ಕಾರದ ಕಂಪ್ಯೂಟರಿನಲ್ಲಿರುವ ಪಹಣಿಯನ್ನು ರೈತ ನಾಡಕಚೇರಿಯಲ್ಲಿ ದುಡ್ಡು ಕೊಟ್ಟು ಪಡೆಯುತ್ತಾನೆ. ಎದುರಂಗಡಿಯಲ್ಲಿ ಮೂರು ಜೆರಾಕ್ಸ್ ಮಾಡಿಸುತ್ತಾನೆ. ಪಕ್ಕದ ಸರ್ಕಾರಿ ಕಚೇರಿಗೆ ಕೊಡುತ್ತಾನೆ. ಅಲ್ಲಿನವರು ಅದನ್ನು ನೋಡಿಕೊಂಡು ಮತ್ತೆ ಕಂಪ್ಯೂಟರಿಗೆ ಹೊಡೆಯುತ್ತಾರೆ. ಸರ್ಕಾರದ ಎರಡು ಕಂಪ್ಯೂಟರು ಮಾತಾಡಿಕೊಳ್ಳಬೇಕಾದರೆ ನಡುವೆ ಒಬ್ಬ ರೈತ ಬಿಸಿಲಲ್ಲಿ ನಡೆಯಬೇಕು.

ಇರಲಿ, ಕಾಗದ ಹೊತ್ತು ತಿರುಗುವುದು ನಮ್ಮವರಿಗೆ ರೂಢಿ. ಈಗ ಕಾಗದ ಸಾಲದು, ಬೆರಳೂ ಬೇಕು.

ಮುಂಗಾರು ಚೆನ್ನಾಗಿ ಬಿದ್ದ ವಾರ ಗೊಬ್ಬರದಂಗಡಿ ಮುಂದೆ ನಿಂತು ನೋಡಿ. ಬೆಳಗಾಗುವ ಮೊದಲೇ ಸಾಲು. ಸಾಲಿನಲ್ಲಿರುವುದು ಜನ ಅಲ್ಲ, ಚಪ್ಪಲಿಗಳು. ಚಪ್ಪಲಿ ಇಲ್ಲದವರದು ಒಂದು ಕಲ್ಲು, ಕಲ್ಲಿನ ಕೆಳಗೆ ಆಧಾರ್ ಜೆರಾಕ್ಸು. ಒಳಗೆ 45 ಕೆಜಿ ಯೂರಿಯಾ ಚೀಲ, ಬೆಲೆ 266 ರೂಪಾಯಿ 50 ಪೈಸೆ. ಆ 50 ಪೈಸೆಯನ್ನು ಯಾರಾದರೂ ಕೊಟ್ಟಿದ್ದಾಗಲಿ ವಾಪಸ್ ಪಡೆದಿದ್ದಾಗಲಿ ನಾನಂತೂ ಕಂಡಿಲ್ಲ. ಚೀಲದ ಜೊತೆ ನ್ಯಾನೋ ಯೂರಿಯಾ, ಅಂದರೆ ದ್ರವರೂಪದ ಯೂರಿಯಾ ಬಾಟಲಿ ‘ಲಿಂಕ್’. ತಗೊಳ್ಳಲೇಬೇಕು ಅಂತ ಯಾರೂ ಹೇಳುವುದಿಲ್ಲ. ಬಾಟಲಿ ಬೇಡ ಅಂದವರಿಗೆ ಚೀಲ ಖಾಲಿಯಾಗಿರುತ್ತದೆ, ಅಷ್ಟೇ.

2018ರಿಂದ ದೇಶದ ಎಲ್ಲಾ ಗೊಬ್ಬರದಂಗಡಿಗಳಲ್ಲೂ ಬೆರಳಚ್ಚಿನ ಮೆಷಿನ್ ಕೂತಿದೆ. ಸಬ್ಸಿಡಿ ಯೂರಿಯಾ ಪ್ಲೈವುಡ್ ಕಾರ್ಖಾನೆಯ ಅಂಟಾಗಬಾರದು, ನಿಜವಾದ ರೈತನಿಗೇ ಸಿಗಬೇಕು ಅನ್ನುವುದು ಉದ್ದೇಶ. ಒಳ್ಳೆಯದೇ. ಆದರೆ ನಿಜವಾದ ರೈತನ ಬೆರಳಲ್ಲಿ ಗೆರೆ ಉಳಿದಿರಬೇಕಲ್ಲ?

“ಯಜಮಾನ್ರೇ, ಬೆರಳು ಒರೆಸ್ಕೊಂಡು ಇಡಿ.”

ಇಟ್ಟರು. ಕೆಂಪು ದೀಪ.

“ಜಾಸ್ತಿ ಒತ್ಬೇಡಿ. ಇನ್ನೊಂದು ಬೆರಳು.”

ಮತ್ತೆ ಕೆಂಪು. ಹಿಂದಿನವರ ಸಲಹೆ ಶುರುವಾಗುತ್ತದೆ. ತಲೆಗೆ ಉಜ್ಜಿ, ಎಣ್ಣೆ ಅಂಟುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಊದಿ. ಹತ್ತು ಬೆರಳೂ ಮುಗಿಯುತ್ತವೆ. ಐವತ್ತು ವರ್ಷ ಗುದ್ದಲಿ, ಕುಡುಗೋಲು ಹಿಡಿದ ಕೈ. ಗುದ್ದಲಿಯ ಕಾವೂ ನುಣ್ಣಗಾಗಿದೆ, ಹಿಡಿದ ಬೆರಳೂ ನುಣ್ಣಗಾಗಿದೆ. ಕೆಲಸ ಮಾಡಿದ್ದಕ್ಕೆ ಇದಕ್ಕಿಂತ ದಾಖಲೆ ಬೇಕಾ? ಮೆಷಿನ್‌ಗೆ ಬೇಕು. ಅವರ ಹಿಂದೆ ನಿಂತವರು ಸ್ವಂತ ಹೊಲ ಎಲ್ಲಿದೆ ಅಂತ ಮೊಬೈಲ್ ಮ್ಯಾಪ್ ನೋಡಿ ಹೇಳುವ ಪೈಕಿ. ಮೆತ್ತನೆ ಹೆಬ್ಬೆಟ್ಟು. ಮುಟ್ಟಿದ ಕೂಡಲೇ ಹಸಿರು ದೀಪ. ಯಾರ ಬೆರಳಲ್ಲಿ ಗೆರೆ ಚೆನ್ನಾಗಿದೆಯೋ ಅವರು ರೈತರು.

ಅಂಗಡಿ ಗೋಡೆಯ ಮೇಲೆ ‘ರೈತ ದೇಶದ ಬೆನ್ನೆಲುಬು’ ಅಂತ ಬರೆದಿದೆ. ಬೆನ್ನೆಲುಬನ್ನೇ ಸ್ಕ್ಯಾನ್ ಮಾಡಿದ್ದರೆ ಯಜಮಾನರು ಎಂದೋ ಪಾಸಾಗುತ್ತಿದ್ದರು.

ಈ ವ್ಯವಸ್ಥೆಗೆ ನೇರ ನಗದು ವರ್ಗಾವಣೆ ಅಂತ ಹೆಸರು. ಹೆಸರು ಕೇಳಿ ರೈತರು ಪಾಸ್‌ಬುಕ್ ತಿರುವಿ ನೋಡಬೇಡಿ. ಗೊಬ್ಬರದ ಸಬ್ಸಿಡಿ ಹಣ ಹೋಗುವುದು ಗೊಬ್ಬರ ಕಂಪನಿಗೆ. ಕಂಪನಿಗೆ ದುಡ್ಡು ಬರಲಿ ಅಂತ ರೈತ ಬಂದು ಬೆರಳು ಒತ್ತಬೇಕು. ಕಂಪನಿಯವರ ಬೆರಳನ್ನು ಯಾರೂ ಕೇಳಿಲ್ಲ.

ಬೆರಳು ಬರದಿದ್ದರೆ ಓಟಿಪಿ ಇದೆ ಅನ್ನುತ್ತಾರೆ. ಇದೆ. ಅದು ಬೆಂಗಳೂರಲ್ಲಿರುವ ಮಗನ ಫೋನಿಗೆ ಹೋಗುತ್ತದೆ. ಮಗ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾನೆ. ಅವನು ಎದ್ದು ನಂಬರ್ ಹೇಳುವಷ್ಟರಲ್ಲಿ ಓಟಿಪಿ ಸತ್ತಿರುತ್ತದೆ.

ಈ ಯಜಮಾನರಿಗೆ ಸಹಿ ಬರುತ್ತದೆ, ಗೊತ್ತಾ? 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿ, ಆಮೇಲೆ ಆಂದೋಲನ ಊರೂರಿಗೆ ಬಂತು. ಹಗಲೆಲ್ಲಾ ದುಡಿದು ಬಂದವರ ಕೈಗೆ ರಾತ್ರಿ ಸ್ಲೇಟು ಕೊಟ್ಟರು. ಹೆಬ್ಬೆಟ್ಟು ಒತ್ತುವುದು ನಾಚಿಕೆಗೇಡು ಅಂತ ಹೇಳಿಕೊಟ್ಟರು. ಇವರೂ ನಾಚಿಕೊಂಡು ಕಲಿತರು. ಈಗ “ಸಹಿ ಹಾಕ್ತೀನಿ ಕೊಡಪ್ಪ” ಅಂದರೆ, “ಸಹಿ ನಡೆಯಲ್ಲ, ಹೆಬ್ಬೆಟ್ಟೇ ಬೇಕು” ಅನ್ನುತ್ತಾರೆ. ಆ ಕಾಲದ ಇಂಕ್ ಪ್ಯಾಡಿಗೆ ಒಂದು ಮರ್ಯಾದೆ ಇತ್ತು. ಬೆರಳು ಸವೆದಿದೆ ಅಂತ ಯಾರನ್ನೂ ವಾಪಸ್ ಕಳಿಸುತ್ತಿರಲಿಲ್ಲ.

ಬೆರಳಿನ ಕಷ್ಟ ಸರ್ಕಾರಕ್ಕೂ ಗೊತ್ತಾಗಿದೆ, ಇಲ್ಲ ಅನ್ನುವಂತಿಲ್ಲ. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಅದಕ್ಕೆ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ಖಾತ್ರಿ ಆಗಬೇಕು. ಬೆರಳು, ಓಟಿಪಿ ಎರಡೂ ಕೈಕೊಟ್ಟವರಿಗೆ 2023ರಲ್ಲಿ ಮುಖ ತೋರಿಸುವ ಆ್ಯಪ್ ಬಂತು. ಮುಖ ತೋರಿಸಿದರೆ ಮುಗಿಯಲಿಲ್ಲ. ಎದುರಿಗಿರುವುದು ಫೋಟೋ ಅಲ್ಲ, ಜೀವ ಇರುವ ಮನುಷ್ಯ ಅಂತ ಖಾತ್ರಿಯಾಗಲು ಕಣ್ಣು ಮಿಟುಕಿಸಬೇಕು.

ಸೇವಾ ಕೇಂದ್ರದ ಹುಡುಗ ಮೊಬೈಲ್ ಎತ್ತಿ ಹಿಡಿದಿದ್ದಾನೆ. ಎದುರಿಗೆ ಒಬ್ಬ ಅಜ್ಜಿ, ಸೆರಗು ಹೊದ್ದು ನೆಟ್ಟಗೆ ಕೂತಿದ್ದಾರೆ.

“ಅಜ್ಜೀ, ಕಣ್ಣು ಮಿಟುಕ್ಸಿ.”

“ಯಾತಕ್ಕಪ್ಪ?”

“ಗೌರ್ಮೆಂಟ್ ನೋಡ್ತಾ ಇದೆ ಅಜ್ಜೀ. ಬೇಗ ಮಿಟುಕ್ಸಿ, ನೆಟ್‌ವರ್ಕ್ ಹೋಗ್ಬಿಡುತ್ತೆ.”

ಅಜ್ಜಿ ಮುಖಕ್ಕೆ ಸೆರಗು ಎಳೆದುಕೊಂಡರು. “ಈ ವಯಸ್ಸಲ್ಲಿ ಗೌರ್ಮೆಂಟಿಗೆ ಕಣ್ ಹೊಡಿ ಅಂತೀಯಲ್ಲೋ! ನಿಮ್ಮ ತಾತನ್ಗೇ ನಾನು ಹೊಡ್ದಿಲ್ಲ. ಆ ಎರಡು ಸಾವಿರ ನೀನೇ ಇಟ್ಕೋ ಹೋಗು.”